ಮೂರು ಮೊಳ ದೂರದ ಗಂಡ

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ನೀಲಿ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೂವತ್ತೊಂದು ವರ್ಷದಿಂದ ನೆಲಮಾಳಿಗೆಯ ಲ್ಯಾಬಿನಲ್ಲಿ ಕೂತು, ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಮೇಣದಲ್ಲಿ ಹುದುಗಿಸಿ, ಕಾಗದಕ್ಕಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹಾಸಿ ಬಣ್ಣ ಹಾಕುವುದು ಅವರ ಕೆಲಸ. ಆ ಬಣ್ಣದ ನೀಲಿ ಉಗುರಿನ ಸಂದಿಗೆ ಇಳಿದು ಅಲ್ಲೇ ಸಂಸಾರ ಹೂಡಿತ್ತು. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆಲ್ಲ ಸ್ಲೈಡ್ ಮಾಡುವುದನ್ನು ಕಲಿಸುತ್ತಿದ್ದವರು ಇವರೇ. ಬಣ್ಣ ಸರಿಯಾಗಿ ಕೂರಲಿಲ್ಲ ಅಂತ ಯಾರಾದರೂ ಗೋಳಾಡಿದರೆ ಮೇಷ್ಟ್ರು ಹೇಳುತ್ತಿದ್ದದ್ದು ಒಂದೇ ಮಾತು: "ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಪ್ಪ. ಎರಡು ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ."

ಅವರ ಹೆಂಡತಿ ರೈಲ್ವೆ ಸ್ಟೇಷನ್ನಿನಲ್ಲಿ ಪ್ರಕಟಣೆ ಹೇಳುವಾಕೆ. ಗಾಜಿನ ಗೂಡಿನಲ್ಲಿ ಕೂತು ದಿನವಿಡೀ ಒಂದೇ ದನಿಯಲ್ಲಿ ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಎಷ್ಟು ನಿಮಿಷ ತಡ ಅಂತ ಹೇಳುವುದು. ಅಲ್ಲಿ ಅಳತೆ ಮಾಡಿ ಆಡಿದ್ದಕ್ಕೆಲ್ಲ ಮನೆಗೆ ಬಂದ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಳು. ತಪ್ಪು ಗಾಡಿ ಹತ್ತಿದ ಮದುಮಗ, ಬೆಂಚಿನ ಮೇಲೆ ಹಲ್ಲುಸೆಟ್ಟು ಮರೆತು ಹೋದ ಅಜ್ಜ, ಒಬ್ಬರನ್ನೊಬ್ಬರು ಬೀಳ್ಕೊಡಲು ಬಂದು ಇಬ್ಬರೂ ರೈಲು ತಪ್ಪಿಸಿಕೊಂಡ ಗೆಳತಿಯರು. ಮೇಷ್ಟ್ರು ಮಾತಿನಲ್ಲಿ ಮಹಾ ಜಿಪುಣರು. ಅವರ ಪಾಲಿನ ಮಾತನ್ನೂ ಆಕೆಯೇ ಆಡಿ ಮುಗಿಸಿ, "ಅಲ್ವೇನ್ರೀ?" ಅಂದಾಗ ಇವರು ಹೂಂಗುಟ್ಟಿದರೆ ಅಂದಿನ ದಾಂಪತ್ಯ ಸಾಂಗವಾದಂತೆ. ಇಪ್ಪತ್ತಾರು ವರ್ಷ ಹಳೆಯ ಸೋಫಾದ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು ಹೀಗೇ ಕಳೆದಿದ್ದರು, ಸುಖವಾಗಿ.

ಐದು ತಿಂಗಳ ಹಿಂದೆ ಆಕೆಯ ಮೊಣಕೈ ಹತ್ತಿರ ಒಂದು ದದ್ದು ಎದ್ದಿತು. ಕೆಂಪಗೆ, ಉಬ್ಬಿಕೊಂಡು, ಕೆರೆದಷ್ಟೂ ಕೆರೆಸಿಕೊಳ್ಳುವಂಥದ್ದು. ಒಂದು ತಾಸಿಗೆ ಮಾಯವಾಯಿತು. ಮರುದಿನ ಬೆನ್ನಿನ ಮೇಲೆ, ಅದರ ಮರುದಿನ ತೊಡೆಯ ಮೇಲೆ. ಒಂದು ಸಲ ತುಟಿ ಊದಿಕೊಂಡು, ಆಕೆ ಪ್ರಕಟಿಸಿದ ರೈಲು ಯಾವ ಊರಿಗೆ ಹೋಗುತ್ತದೆಂದು ಪ್ರಯಾಣಿಕರು ತಮ್ಮತಮ್ಮಲ್ಲೇ ಚರ್ಚಿಸಬೇಕಾಯಿತು. ಇಬ್ಬರೂ ಸೇರಿ ಸೋಪು ಬದಲಾಯಿಸಿದರು, ದಿಂಬು ಬಿಸಾಕಿದರು, ಪಕ್ಕದ ಮನೆಯ ಬೆಕ್ಕಿನ ಮೇಲೂ ಗೂಬೆ ಕೂರಿಸಿ ನೋಡಿದರು. ಬೆಕ್ಕು ನಿರಪರಾಧಿ ಅಂತ ತೀರ್ಮಾನವಾಯಿತು. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದರು.

ಆ ಡಾಕ್ಟರು ಮಾತ್ರೆ ಬರೆದುಕೊಟ್ಟು, ಎಲ್ಲರನ್ನೂ ಕೇಳುವ ಹಾಗೆ ಇವರನ್ನೂ ಕೇಳಿದರು: "ಮನೆಯಲ್ಲಿ ಯಾರಾದ್ರೂ ಕೆಮಿಕಲ್ ಜೊತೆ ಕೆಲಸ ಮಾಡ್ತಾರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂತಾರಲ್ಲ, ಮೇಷ್ಟ್ರ ಕಥೆ ಅದೇ ಆಯಿತು. ಬಾಯಲ್ಲಿ ಏನೂ ಹೇಳಲಿಲ್ಲ. ಮನಸ್ಸಿನಲ್ಲಿ ಮಾತ್ರ ಚೂರುಗಳು ಕೆಡದಂತೆ ಇಡುವ ಫಾರ್ಮಲಿನ್ನು, ಬಣ್ಣಗಳು, ಬಣ್ಣ ತೊಳೆಯುವ ದ್ರವಗಳು, ಎಲ್ಲವೂ ಬಾಟಲಿ ಸಮೇತ ಸಾಲಾಗಿ ನಿಂತುಬಿಟ್ಟವು. ಇಪ್ಪತ್ತಾರು ವರ್ಷದಿಂದ ತಾನು ದಿನಾ ಸಂಜೆ ಆ ವಾಸನೆಯನ್ನೆಲ್ಲ ಹೊತ್ತು ತಂದು ಇವಳ ಪಕ್ಕ ಕೂರುತ್ತಿದ್ದೇನಲ್ಲ ಅನ್ನಿಸಿತು. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ತನ್ನಂಥವರನ್ನು ನೋಡಿಯೇ ಹೇಳಿರಬೇಕು.

ಅಂದಿನಿಂದ ಮೇಷ್ಟ್ರು ಆಸ್ಪತ್ರೆಯಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ ಮನೆಗೆ ಬರತೊಡಗಿದರು. ಸೋಫಾ ಬಿಟ್ಟು ಕಿಟಕಿ ಪಕ್ಕದ ಮರದ ಕುರ್ಚಿಗೆ ಹೋದರು. ಅಲ್ಲಿಂದ ಸೋಫಾಕ್ಕೆ ಸರಿಯಾಗಿ ಮೂರು ಮೊಳ. ಹಾಸಿಗೆಯನ್ನು ಹೊರಗಿನ ಕೋಣೆಗೆ ಸಾಗಿಸಿ, "ನನಗೆ ಸೊಂಟ ನೋವು, ಗಟ್ಟಿ ನೆಲ ಒಳ್ಳೇದಂತೆ" ಅಂದರು. ಹೆಂಡತಿ ಅವರ ಮುಖವನ್ನೇ ನೋಡಿ, "ಹೌದಾ?" ಅಂದಳು. ನಿಜ ಹೇಳಿಬಿಡಬಹುದಿತ್ತು. ಆದರೆ ಆಕೆಯ ಸ್ವಭಾವ ಅವರಿಗೆ ಗೊತ್ತು. ಹೇಳಿದರೆ ನಕ್ಕು, ಕುರ್ಚಿ ಎಳೆದುಕೊಂಡು ಇವರ ಪಕ್ಕದಲ್ಲೇ ಕೂತು, ಮೈ ತುಂಬ ದದ್ದು ಏಳಿಸಿಕೊಂಡು, "ಏನೂ ಆಗಿಲ್ಲ ಬಿಡ್ರೀ" ಅನ್ನುವ ಹೆಂಗಸು.

ಆಮೇಲೆ ಮೇಷ್ಟ್ರಿಗೆ ಮೂರು ದಿನದ ತರಬೇತಿ ಬಂತು. ಹೊಸ ಯಂತ್ರವೊಂದನ್ನು ನಡೆಸಲು ಕಲಿಯುವುದಕ್ಕೆ ಬೇರೆ ಊರಿಗೆ ಹೋದರು. ವಾಪಸು ಬಂದಾಗ ಆಕೆಯ ತೋಳು, ಕುತ್ತಿಗೆ, ಕಾಲು ಎಲ್ಲ ತಿಳಿಯಾಗಿತ್ತು. "ಮೂರು ದಿನದಿಂದ ಒಂದೂ ಎದ್ದಿಲ್ಲ ಕಣ್ರೀ" ಅಂತ ಆಕೆ ಖುಷಿಯಿಂದ ತೋಳು ಚಾಚಿ ತೋರಿಸಿದಳು. ಮೇಷ್ಟ್ರು ಮೂರು ಮೊಳ ದೂರದಿಂದಲೇ ನೋಡಿದರು. ಅವತ್ತೇ ಸಂಜೆ, ಅವರು ಮನೆ ಹೊಕ್ಕ ಹತ್ತು ನಿಮಿಷಕ್ಕೆ, ಆಕೆಯ ಕುತ್ತಿಗೆಯ ಮೇಲೆ ಕೆಂಪು ಉಬ್ಬು ಕಾಣಿಸಿತು. ಇನ್ನೇನು ಬೇಕು ಸಾಕ್ಷಿ? ಗಂಡ ಇಲ್ಲ, ದದ್ದಿಲ್ಲ. ಗಂಡ ಬಂದ, ದದ್ದು ಬಂತು. ಲ್ಯಾಬಿನವರ ಲೆಕ್ಕದಲ್ಲಿ ಇದಕ್ಕಿಂತ ಚೊಕ್ಕ ಪ್ರಯೋಗ ಇಲ್ಲ.

ದಿನ ಕಳೆದಂತೆ ದದ್ದು ಹೆಚ್ಚಾಯಿತು. ಆಕೆಯ ಮಾತು ಕಡಿಮೆಯಾಯಿತು. ಸ್ಟೇಷನ್ನಿನ ಸುದ್ದಿ ಒಂದೂ ಮನೆಯ ಹೊಸಿಲು ದಾಟಿ ಬರಲಿಲ್ಲ. ಮೇಷ್ಟ್ರು ಕೇಳಿದ್ದಕ್ಕೆ ಉತ್ತರ, ಬಡಿಸಿದ್ದು ಊಟ, ಅಷ್ಟೇ. ಪಾಪ, ನವೆಯಿಂದ ಸುಸ್ತಾಗಿದ್ದಾಳೆ ಅಂತ ಅವರು ಅಂದುಕೊಂಡರು. ಕೈಲಾಗದವನು ಮೈ ಪರಚಿಕೊಂಡ ಅಂತ ಗಾದೆ ಉಂಟು. ಇಲ್ಲಿ ಕೈಲಾಗದೆ ಕೂತವರು ಗಂಡ, ಮೈ ಪರಚಿಕೊಳ್ಳುತ್ತಿದ್ದವಳು ಹೆಂಡತಿ. ಒಂದು ಬುಧವಾರ ಮೇಷ್ಟ್ರು ಗಟ್ಟಿ ಮನಸ್ಸು ಮಾಡಿ, ಆಸ್ಪತ್ರೆಯ ಹಿಂಭಾಗದ ಸಿಬ್ಬಂದಿ ಕೋಣೆಗಳಲ್ಲಿ ಒಂದನ್ನು ತನಗೆ ಕೊಡಬೇಕೆಂದು ಅರ್ಜಿ ಬರೆದರು. ಮಂಚ, ಫ್ಯಾನು, ಗೋಡೆಗೆ ಒಂದು ಮೊಳೆ. ನಿವೃತ್ತಿಗೆ ಎರಡು ವರ್ಷ ಬಾಕಿ. ಅಲ್ಲಿಯವರೆಗೆ ಅಲ್ಲಿದ್ದರೆ ಅವಳಾದರೂ ನೆಮ್ಮದಿಯಾಗಿರುತ್ತಾಳೆ. ಶುಕ್ರವಾರದಿಂದ ಇರಬಹುದು ಅಂತ ಆಫೀಸಿನವರು ಹೇಳಿದರು. ಹೆಂಡತಿಗೆ ಏನು ಹೇಳುವುದೆಂದು ಮಾತ್ರ ಇನ್ನೂ ಹೊಳೆದಿರಲಿಲ್ಲ. ಸೊಂಟ ನೋವಿಗೆ ಮನೆ ಬಿಟ್ಟ ಗಂಡ ಲೋಕದಲ್ಲಿ ಇಲ್ಲವಲ್ಲ.

ಅದೇ ವಾರ ಆಕೆಯ ತೋಳಿನ ಮೇಲೆ ಎದ್ದ ಒಂದು ದದ್ದು ಎರಡು ದಿನವಾದರೂ ಇಳಿಯದೆ ಕಂದು ಕಲೆ ಬಿಟ್ಟಿತು. ರಕ್ತನಾಳಗಳಿಗೇ ಉರಿ ಹತ್ತಿದೆಯೋ ಏನೋ, ಪರೀಕ್ಷಿಸಿಬಿಡೋಣ ಅಂತ ಚರ್ಮದ ಡಾಕ್ಟರು ಅಲ್ಲಿಂದ ಕಡಲೆಬೇಳೆಯಷ್ಟು ಚರ್ಮ ತೆಗೆದು ಬಾಟಲಿಗೆ ಹಾಕಿ ಲ್ಯಾಬಿಗೆ ಕಳಿಸಿದರು.

ಬಾಟಲಿ ಮೇಷ್ಟ್ರ ಮೇಜಿಗೇ ಬಂತು. ಬೇರೆಯವರಿಗೆ ಕೊಡಿ ಅಂತ ಜೊತೆಯವರು ಹೇಳಿದರು. ಮೇಷ್ಟ್ರು ಕೇಳಲಿಲ್ಲ. ಗುರುವಾರ ಬೆಳಿಗ್ಗೆ ಮೇಣದ ಅಚ್ಚನ್ನು ಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸಿದರೆ ಸೀಳಿ ಬಂದ ಮೊದಲ ತೆಳು ಪಟ್ಟಿ ಹರಿಯಿತು. ಎರಡನೆಯದೂ ಹರಿಯಿತು. ಎಷ್ಟೋ ವರ್ಷದಿಂದ ಅವರ ಕೈಯಲ್ಲಿ ಪಟ್ಟಿ ಹರಿದದ್ದಿಲ್ಲ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತರು. ಮೂರನೆಯದು ಸರಿಯಾಗಿ ಬಂತು. ಇಷ್ಟು ದಿನ ದೂರ ಇಟ್ಟಿದ್ದ ಮೈಯ ಒಂದು ಚೂರು ಬೆಚ್ಚಗಿನ ನೀರಿನ ಮೇಲೆ ತೇಲುತ್ತಿತ್ತು. ಅದನ್ನು ಗಾಜಿನ ಮೇಲೆ ಎತ್ತಿಕೊಳ್ಳುವಾಗ ಮೇಷ್ಟ್ರಿಗೆ ಅಳು ಬಂತು. ಫಾರ್ಮಲಿನ್ ಘಾಟಿಗೆ ಕಣ್ಣಲ್ಲಿ ನೀರು ಬರುವುದು ಅಲ್ಲಿ ಮಾಮೂಲು, ಆದ್ದರಿಂದ ಯಾರೂ ಏನೂ ಕೇಳಲಿಲ್ಲ.

ಸ್ಲೈಡ್ ನೋಡುವ ಡಾಕ್ಟರಮ್ಮ ಹದಿನೈದು ವರ್ಷದ ಹಿಂದೆ ಮೇಷ್ಟ್ರ ಕೈಕೆಳಗೆ ಪಟ್ಟಿ ಹರಿದು ಬೈಸಿಕೊಂಡವಳು. ಈಗ ಆ ವಿಭಾಗಕ್ಕೇ ದೊಡ್ಡವಳು. ಆದರೂ ಇವರನ್ನು ಕಂಡರೆ ಕುರ್ಚಿಯಿಂದ ಅರ್ಧ ಎದ್ದೇ ಮಾತಾಡುತ್ತಿದ್ದಳು. ಮೊದಲ ಸ್ಲೈಡನ್ನು ಮೂಲೆ ಮೂಲೆ ತಿರುಗಿಸಿ ನೋಡಿ, "ಮೇಷ್ಟ್ರೇ, ಉಸಿರು ಬಿಡಿ" ಅಂದಳು. "ರಕ್ತನಾಳಗಳು ಚೆನ್ನಾಗಿವೆ. ಹೆದರಿಕೊಳ್ಳೋ ಅಂಥದ್ದು ಏನೂ ಇಲ್ಲ. ಬರೀ ಪಿತ್ತದ ಗಂಧೆ. ನೀವು ನೀಲಿ ಹಾಕಿದ ಇನ್ನೊಂದು ಸ್ಲೈಡ್ ಕೊಡಿ, ಅದನ್ನೂ ನೋಡೋಣ."

ಆ ನೀಲಿಯಲ್ಲಿ ಅದ್ದಿದರೆ ಚರ್ಮದೊಳಗಿನ ಎಲ್ಲವೂ ನೀಲಿಯಾಗುತ್ತದೆ. ಮಾಸ್ಟ್ ಕೋಶ ಅನ್ನುವುದು ಮಾತ್ರ ಹಠಮಾರಿ, ನೇರಳೆಯಾಗುತ್ತದೆ. ಅದರ ಒಡಲು ತುಂಬ ಸಣ್ಣ ಸಣ್ಣ ಕಾಳು. ಮೇಷ್ಟ್ರು ಇಂಥ ಸಾವಿರ ಸ್ಲೈಡ್ ಮಾಡಿದ್ದರು. ಆದರೆ ಬಣ್ಣ ಸರಿಯಾಗಿ ಕೂತಿತೋ ಇಲ್ಲವೋ ನೋಡುವುದಷ್ಟೇ ಅವರ ಬಾಬತ್ತು. ಆ ನೇರಳೆ ಚುಕ್ಕೆಗಳು ಅಲ್ಲಿ ಏನು ಮಾಡುತ್ತವೆ ಅಂತ ಯಾವತ್ತೂ ಕೇಳಿರಲಿಲ್ಲ.

"ಬನ್ನಿ, ನೋಡಿ" ಅಂತ ಡಾಕ್ಟರಮ್ಮ ಜಾಗ ಬಿಟ್ಟಳು. ಅವರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. "ಮಧ್ಯದಲ್ಲಿ ಅಲೆ ಅಲೆಯಾಗಿ ಒಂದು ಎಳೆ ಇದೆಯಲ್ಲ, ಅದು ನರ. ಅದಕ್ಕೆ ಅಂಟಿಕೊಂಡ ಹಾಗೆ ನೇರಳೆ ಚುಕ್ಕೆಗಳು ಕಾಣ್ತಾವಾ?"

"ಕಾಣ್ತಾವಮ್ಮ. ಇದೇನಾ ರೋಗ?"

"ಅಯ್ಯೋ, ರೋಗ ಅಲ್ಲ. ನಿಮ್ಮ ಚರ್ಮದಲ್ಲೂ ಹೀಗೇ, ನನ್ನದರಲ್ಲೂ ಹೀಗೇ. ನರ, ಚುಕ್ಕೆ ಇವೆರಡೂ ಒಂದೇ ವಠಾರದವು. ಚುಕ್ಕೆಯೊಳಗಿನ ಕಾಳು ಹೊರಗೆ ಚೆಲ್ಲಿದ್ರೆ ಅದರಲ್ಲಿರೋ ಹಿಸ್ಟಮಿನ್‌ನಿಂದ ರಕ್ತನಾಳ ಸೋರುತ್ತೆ, ದದ್ದು ಏಳುತ್ತೆ. ಅದೇ ಪಕ್ಕದ ನರಕ್ಕೂ ತಾಗಿ ನವೆ ಆಗುತ್ತೆ. ನರವೂ ಸುಮ್ನಿರಲ್ಲ. ಕೆಣಕಿದ್ರೆ ತನ್ನ ತುದಿಯಿಂದ ಬೇರೆ ಏನೇನೋ ಬಿಡುತ್ತೆ, ಅದು ತಾಗಿ ಇನ್ನಷ್ಟು ಕಾಳು ಚೆಲ್ಲುತ್ತೆ. ಇದು ಅದಕ್ಕೆ ಹೇಳುತ್ತೆ, ಅದು ಇದಕ್ಕೆ ಹೇಳುತ್ತೆ. ಜಗಳ ಶುರುಮಾಡಿದ್ದು ಯಾರು ಅಂತಲೇ ಗೊತ್ತಾಗಲ್ಲ. ಎಷ್ಟೋ ಜನರಿಗೆ ಚಿಂತೆ, ಹೆದರಿಕೆ ಇದ್ದಾಗ ಇದು ಜಾಸ್ತಿಯಾಗುತ್ತೆ." ಆಕೆ ದನಿ ತಗ್ಗಿಸಿದಳು. "ಅಮ್ಮಾವ್ರಿಗೆ ಏನಾದ್ರೂ ಚಿಂತೆ ಇದೆಯಾ ಮೇಷ್ಟ್ರೇ?"

"ಅವಳಿಗೇನು ಚಿಂತೆ? ನಾನಿದ್ದೀನಲ್ಲ" ಅಂದರು ಮೇಷ್ಟ್ರು.

"ನಾಳೆಯಿಂದ ಎಲ್ಲಿರ್ತೀರಿ? ಸಿಬ್ಬಂದಿ ಕೋಣೆಗೆ ಅರ್ಜಿ ಹಾಕಿದ್ದೀರಂತೆ. ಆಫೀಸಿನವರು ನನ್ನ ಸಹಿಗೆ ಕಳಿಸಿದ್ರು."

ಮೇಷ್ಟ್ರಿಗೆ ತಪ್ಪಿಸಿಕೊಳ್ಳಲು ಬಾಗಿಲಿರಲಿಲ್ಲ. ಕುಂಬಳಕಾಯಿಯಿಂದ ಹಿಡಿದು ಮೂರು ದಿನದ ಪ್ರಯೋಗದವರೆಗೆ ಎಲ್ಲವನ್ನೂ ಒಪ್ಪಿಸಿದರು. ಡಾಕ್ಟರಮ್ಮ ಮೊದಲು ನಕ್ಕಳು. ಆಮೇಲೆ ಅವಳಿಗೆ ಸಿಟ್ಟು ಬಂತು.

"ಬೇಕಾದ್ರೆ ಆ ಕೆಮಿಕಲ್‌ಗಳ ಪರೀಕ್ಷೆಯನ್ನೂ ಮಾಡಿಸೋಣ, ಬೇಡ ಅನ್ನಲ್ಲ. ಆದ್ರೆ ಊಹೆ ಮೇಲೆ ಯಾರಾದ್ರೂ ಮನೆ ಬಿಡ್ತಾರಾ? ನಮಗೆಲ್ಲ ನೀವು ಹೇಳಿಕೊಟ್ಟಿದ್ದೇನು? ಒಂದು ಸಲಕ್ಕೆ ಒಂದೇ ಬದಲಾವಣೆ. ಆ ಮೂರು ದಿನ ನೀವಿಲ್ಲ ಅನ್ನೋದು ಒಂದು. ಮನೆಯಲ್ಲಿ ಬೇರೇನು ಬದಲಾಗಿತ್ತು?"

"ಏನೂ ಇಲ್ಲ."

"ಕೇಳಿದ್ರಾ?"

ಮೇಷ್ಟ್ರು ಕೇಳಿರಲಿಲ್ಲ. ಮೂರು ದಿನ ಹೇಗೆ ಕಳೆದೆ ಅಂತ ಒಂದು ಮಾತು ಕೇಳಲು ಮೂರು ಮೊಳ ಹತ್ತಿರ ಹೋಗಬೇಕಿತ್ತು.

ಹೆಂಡತಿಗೆ ಫೋನ್ ಮಾಡುವ ಧೈರ್ಯ ಬರದೆ ನಾದಿನಿಗೆ ಮಾಡಿದರು. ಅಕ್ಕನ ಮನೆಯ ಒಲೆ ಮೇಲೆ ಏನು ಕುದಿಯುತ್ತಿದೆ ಅನ್ನುವುದೂ ಗೊತ್ತಿರುವ ತಂಗಿ ಆಕೆ.

"ನಾನೇ ಬಂದಿದ್ದೆ ಭಾವ, ಮೂರು ದಿನವೂ! ಅಕ್ಕ ಹೇಳ್ಲಿಲ್ವಾ? ಹೇಳಕ್ಕೆ ನೀವು ಕೂತು ಕೇಳಿದ್ರೆ ತಾನೆ" ಅಂತ ನಾದಿನಿ, ಆ ಮೂರು ದಿನದ ಬಗ್ಗೆ ಕೇಳಿದ್ದೇ ತಡ, ಶುರುಮಾಡಿದಳು. "ಮೊದಲನೇ ದಿನ ಅತ್ತಳು. ಆಮೇಲೆ ಇಬ್ಬರೂ ಹಾಸಿಗೆ ತುಂಬ ಹಳೇ ಫೋಟೋ ಹರಡಿಕೊಂಡು, ನಿಮ್ಮ ಆಗಿನ ಮೀಸೆ ನೋಡಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ವಿ. ಭಾವ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಕ್ಕನ ಮೈ ನೋಡಿದ್ರೆ ನಿಮಗೆ ಅಸಹ್ಯ ಆಗುತ್ತಾ?"

"ಏನಂದೆ?"

"ಅವಳು ಹಾಗೇ ಅಂದುಕೊಂಡಿದ್ದಾಳೆ. ಕುರ್ಚಿ ಬೇರೆ, ಹಾಸಿಗೆ ಬೇರೆ. ಸಂಜೆ ಆರು ಗಂಟೆ ಹತ್ತಿರ ಬಂದ್ರೆ ಅವಳಿಗೆ ಎದೆ ಹೊಡ್ಕೊಳ್ಳುತ್ತಂತೆ. ಇವತ್ತು ಎಷ್ಟು ದೂರ ಕೂರ್ತಾರೋ ಅಂತ."

ಮೇಷ್ಟ್ರು ಫೋನ್ ಕೆಳಗಿಟ್ಟರು. ಅವಳನ್ನು ಕಾಪಾಡಬೇಕೆಂದು ಒಂದೊಂದು ಹೆಜ್ಜೆ ಹಿಂದೆ ಸರಿದದ್ದು. ಆ ಒಂದೊಂದು ಹೆಜ್ಜೆಯೂ ಅವಳ ಮೈಮೇಲೆ ಎದ್ದು ಕಂಡಿತ್ತು.

"ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸರಿಹೋಗಿರಬಹುದು ಮೇಷ್ಟ್ರೇ" ಅಂದಳು ಪಕ್ಕದಲ್ಲೇ ಎಲ್ಲ ಕೇಳಿಸಿಕೊಂಡಿದ್ದ ಡಾಕ್ಟರಮ್ಮ, ಈಗ ಮೆತ್ತಗೆ. "ತಂಗಿ ಬಂದಿದ್ದಕ್ಕೇ ಇಳಿಯಿತು ಅಂತಲೂ ನಾನು ಬರೆದುಕೊಡಲ್ಲ. ಮಾತ್ರೆ ಬೇಕೇ ಬೇಕು, ಜಾಸ್ತಿ ಮಾಡಬೇಕಾಗಬಹುದು. ಆದ್ರೆ ಈ ಅರ್ಜಿಗೆ ನಾನು ಸಹಿ ಹಾಕಲ್ಲ."

ಅವತ್ತು ಮೇಷ್ಟ್ರು ಸ್ನಾನ ಮಾಡಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ ಐದು ಗಂಟೆಗೇ ಮನೆ ಬಾಗಿಲಲ್ಲಿ ನಿಂತರು. ಹೆಂಡತಿ ಬೆಳಗಿನ ಪಾಳಿ ಮುಗಿಸಿ ಬಂದು ಒಣಗಿದ ಬಟ್ಟೆ ಮಡಚುತ್ತಿದ್ದಳು. ಇವರನ್ನು ನೋಡಿ ಗಾಬರಿಯಾದಳು.

"ಏನಾಯ್ತು? ರಿಪೋರ್ಟು ಕೆಟ್ಟದಾ?"

"ಇಲ್ಲ ಇಲ್ಲ, ರಿಪೋರ್ಟು ಚೆನ್ನಾಗಿದೆ. ರಕ್ತನಾಳ ಎಲ್ಲ ಸರಿಯಾಗಿದೆ." ಮೇಷ್ಟ್ರು ಸೀದಾ ಬಂದು ಸೋಫಾದ ಮೇಲೆ ಕೂತರು. ಆಕೆ ಮಡಚಿದ್ದ ಟವೆಲ್ಲುಗಳ ಮೇಲೇ ಕೂತುಬಿಟ್ಟರು. "ನಾನೇ ಸೀಳಿದೆ. ನಾನೇ ಬಣ್ಣ ಹಾಕಿದೆ. ನಿನ್ನ ಚರ್ಮ ಒಳಗಿನಿಂದ ನೋಡಿದೆ."

ಆಕೆ ತೋಳಿನ ಮೇಲೆ ಸೆರಗು ಎಳೆದುಕೊಂಡಳು. "ಹೊರಗಿನಿಂದ ನೋಡಿದ್ದು ಸಾಲದಾಗಿತ್ತಾ? ಅಷ್ಟು ಅಸಹ್ಯ ಪಟ್ಕೊಂಡು ಯಾಕೆ ನೋಡಕ್ಕೆ ಹೋದ್ರಿ?"

"ಅಸಹ್ಯ ಅಲ್ಲ ಕಣೇ. ಹೆದರಿಕೆ." ಮಾತಿನ ಜಿಪುಣನ ಗಂಟು ಅವತ್ತು ಬಿಚ್ಚಿಕೊಂಡಿತು. ಒಂದೂ ಸರಿಯಾದ ಕ್ರಮದಲ್ಲಿ ಬರಲಿಲ್ಲ. ಮೊದಲು ಸಿಬ್ಬಂದಿ ಕೋಣೆ ಬಂತು, ಆಮೇಲೆ ಸ್ನಾನ, ಆಮೇಲೆ ಚರ್ಮದ ಡಾಕ್ಟರು ಕೇಳಿದ ಪ್ರಶ್ನೆ. "ನಿನಗೆ ವಿಷ ನಾನೇ ಅಂದುಕೊಂಡಿದ್ದೆ. ನಾನು ಹತ್ತಿರ ಬಂದ್ರೆ ನಿನಗೆ ಏಳುತ್ತೆ ಅಂತ ದೂರ ಕೂತೆ. ಸೊಂಟಕ್ಕೆ ಏನೂ ಆಗಿಲ್ಲ. ನೆಲದ ಮೇಲೆ ಮಲಗಿ ಮಲಗಿ ಈಗ ನಿಜವಾಗ್ಲೂ ನೋಯ್ತಿದೆ."

ನಗು ಬಂತೋ ಅಳು ಬಂತೋ ಆಕೆಗೇ ತಿಳಿಯಲಿಲ್ಲ. ಎರಡಕ್ಕೂ ಮೊದಲು ಬಂದದ್ದು ಬೈಗುಳ.

"ನಾಲ್ಕು ತಿಂಗಳು! ಬಾಯಿ ಬಿಟ್ಟು ಒಂದು ಮಾತು ಕೇಳಕ್ಕೆ ನಿಮಗೇನಾಗಿತ್ತು ಧಾಡಿ? ಕನ್ನಡಿ ಮುಂದೆ ನಿಂತು ನನಗೆ ನಾನೇ ಹೇಸಿಕೊಂಡಿದ್ದೀನಿ. ತಂಗಿ ಮನೆಗೆ ಹೋಗಿಬಿಡೋಣ, ಅವರಿಗಾದ್ರೂ ನೆಮ್ಮದಿ ಇರುತ್ತೆ ಅಂತ ನಾನೂ ಯೋಚನೆ ಮಾಡಿದ್ದೆ, ಗೊತ್ತಾ?"

"ನೀನೂ ಕೇಳಲಿಲ್ವಲ್ಲ."

"ಏನಂತ ಕೇಳ್ಲಿ? ನಾನು ಹೇಸಿಗೆಯಾಗಿ ಕಾಣ್ತೀನಾ ಅಂತಲಾ? ನೀವು ಹೂಂ ಅಂದುಬಿಟ್ಟಿದ್ರೆ?"

ಇಪ್ಪತ್ತಾರು ವರ್ಷ ಎಲ್ಲದಕ್ಕೂ ಹೂಂ ಅಂದ ಗಂಡನ ಮೇಲೆ ಆ ಭಯ ಹುಟ್ಟಿದ್ದು ತಪ್ಪೇನಲ್ಲ. ಅವರು ಪಕ್ಕದ ಬಟ್ಟೆಯ ರಾಶಿಯನ್ನು ನೆಲಕ್ಕೆ ಸರಿಸಿ ಜಾಗ ಮಾಡಿದರು. ಆಕೆ ಸ್ವಲ್ಪ ಹೊತ್ತು ಬಿಗುಮಾನ ಮಾಡಿ, ಆಮೇಲೆ ಬಂದು ಕೂತಳು. ಭುಜಕ್ಕೆ ಭುಜ ತಾಗಿತು. ಮೇಷ್ಟ್ರ ಬಟ್ಟೆಯಿಂದ ಲ್ಯಾಬಿನ ಘಾಟು ಬರುತ್ತಿತ್ತು. ಆಕೆ ಮೂಗು ಮುಚ್ಚಿಕೊಳ್ಳಲಿಲ್ಲ.

"ಹೇಗಿತ್ತು?" ಅಂತ ಕೇಳಿದಳು. "ಒಳಗಿನಿಂದ?"

"ಚೆನ್ನಾಗಿತ್ತು" ಅಂದರು ಮೇಷ್ಟ್ರು. ಅಷ್ಟು ಸಾಲದು ಅನ್ನಿಸಿತು. "ಮೂವತ್ತೊಂದು ವರ್ಷದಲ್ಲಿ ಅಷ್ಟು ಚೆನ್ನಾಗಿರೋದನ್ನ ನಾನು ನೋಡಿಲ್ಲ."

"ಹೋಗ್ರೀ, ಸುಳ್ಳ" ಅಂತ ಆಕೆ ಕಣ್ಣೊರೆಸಿಕೊಂಡಳು.

ಕಥೆ ಇಲ್ಲಿಗೆ ಮುಗಿದು, ದದ್ದುಗಳೂ ಇಲ್ಲಿಗೇ ಮುಗಿದಿದ್ದರೆ ಕೇಳುವವರಿಗೆ ಸುಖವಾಗಿರುತ್ತಿತ್ತು. ಮೈಗೆ ಅಷ್ಟು ಬೇಗ ಬುದ್ಧಿ ಬರುವುದಿಲ್ಲ. ಆರು ಗಂಟೆಯ ಹೊತ್ತಿಗೆ ಆಕೆಯ ಮುಂಗೈ ಮೇಲೆ ಕೆಂಪು ಚುಕ್ಕೆಯೊಂದು ಮೂಡಿತು, ಉಬ್ಬಿತು, ಪಕ್ಕದಲ್ಲಿ ಇನ್ನೊಂದು ಎದ್ದು ಎರಡೂ ಕೂಡಿಕೊಂಡವು. ಮೇಷ್ಟ್ರ ಮುಖ ಬಿಳಿಚಿತು. ಅವರಿಗೇ ಗೊತ್ತಿಲ್ಲದಂತೆ ಎದ್ದು ನಿಂತುಬಿಟ್ಟಿದ್ದರು, ಒಂದು ಕಾಲು ಕಿಟಕಿಯ ಕಡೆಗೆ.

"ಕೂತ್ಕೊಳ್ಳಿ" ಅಂದಳು ಹೆಂಡತಿ.

"ಬಂತಲ್ಲೇ ಮತ್ತೆ. ನಾನು ಈಗ..."

"ಕೂತ್ಕೊಳ್ರೀ ಅಂದೆ."

ಅವರು ನಿಂತೇ ಇದ್ದರು. ಹೋದರೆ ಇಳಿಯುತ್ತದೆಯೋ ಇದ್ದರೆ ಇಳಿಯುತ್ತದೆಯೋ ಮೇಷ್ಟ್ರಿಗೆ ಗೊತ್ತಿರಲಿಲ್ಲ, ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ. ಆಮೇಲೆ ಮೆಲ್ಲಗೆ ಕೂತರು. ದದ್ದು ಎದ್ದಿದ್ದ ಆ ಕೈಯನ್ನೇ ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಅದು ಬಿಸಿಯಾಗಿತ್ತು. ಆಕೆ ಮಾತ್ರೆ ನುಂಗಿ, ನೀರು ಕುಡಿದು, ತಲೆ ಅವರ ಹೆಗಲಿಗೆ ಒರಗಿಸಿ ಶುರುಮಾಡಿದಳು. ನಾಲ್ಕು ತಿಂಗಳ ಬಾಕಿ ಸುದ್ದಿ. ತನ್ನ ತಂಗಿಯ ಮದುವೆಗೆಂದು ಹೊರಟು ಇನ್ಯಾರದೋ ಮದುವೆಯ ದಿಬ್ಬಣದ ಜೊತೆ ಇಳಿದು ಹೋದವನು, ಸೂಟ್‌ಕೇಸು ಅದಲುಬದಲಾಗಿ ಒಬ್ಬರ ಸೀರೆ ಇನ್ನೊಬ್ಬರು ಉಟ್ಟುಕೊಂಡೇ ವಾಪಸು ಕೊಡಲು ಬಂದವರು. ಹೊರಗೆ ಕತ್ತಲಾಗುತ್ತಿತ್ತು, ದೀಪ ಹಾಕಲು ಯಾರೂ ಏಳಲಿಲ್ಲ. ಮೇಷ್ಟ್ರು ಹೂಂಗುಟ್ಟುತ್ತಾ ನಡುನಡುವೆ ಆ ಮುಂಗೈಯನ್ನು ಕದ್ದು ನೋಡುತ್ತಿದ್ದರು.

"ಇನ್ನೂ ಇದೆ" ಅಂದರು ಕೊನೆಗೆ.

"ಇರ್ಲಿ ಬಿಡಿ" ಅಂದಳು ಆಕೆ. "ನೀವೂ ಇದ್ದೀರಲ್ಲ."